ಪೈಥಾನ್ ಭಾಷೆಯೂ ಕಳೆದ ವರ್ಷದ ಪಂಚಾಂಗವೂ

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಪೈಥಾನ್ ಎಂಬ ಹೆಸರು ಹೊಸದಾಗಿರಲಾರದು. ಅದು ಮನುಷ್ಯರು ಪರಸ್ಪರ ಆಡುವ ಭಾಷೆಯಲ್ಲ. ಕಂಪ್ಯೂಟರಿಗೆ ಅಪ್ಪಣೆಗಳನ್ನು ಕ್ರಮವಾಗಿ ಬರೆದುಕೊಡುವುದಕ್ಕಾಗಿ ಮಾಡಿಕೊಂಡ ಒಂದು ಕೃತಕ ಭಾಷೆ. ಸಿ.ಬಿ.ಎಸ್.ಇ. ಪಠ್ಯಕ್ರಮದಲ್ಲಿ 11 ಮತ್ತು 12ನೆಯ ತರಗತಿಗಳ ಕಂಪ್ಯೂಟರ್ ವಿಜ್ಞಾನವನ್ನು ಈ ಭಾಷೆಯ ಮೂಲಕವೇ ಕಲಿಸುತ್ತಾರೆ. ಎಂಜಿನಿಯರಿಂಗ್ ಓದುವವರಿಗಂತೂ ಇದು ನಿತ್ಯದ ಅನ್ನದಂತೆ ಆಗಿದೆ. ಕಲಿಯುವುದಕ್ಕೆ ಸುಲಭವೆಂದು ಇದಕ್ಕೆ ಖ್ಯಾತಿಯುಂಟು. ಆ ಖ್ಯಾತಿ ಅನ್ಯಾಯವಾಗಿ ಬಂದುದಲ್ಲ.

ಹೀಗಿದ್ದರೂ ಅದನ್ನು ಕಲಿಯಹೊರಟ ಮಕ್ಕಳಲ್ಲಿ ಕೆಲವರು ಮೊದಲನೆಯ ಪಾಠವನ್ನು ಮುಟ್ಟುವುದಕ್ಕೆ ಮುಂಚೆಯೇ ಸೋತು ಕೈಚೆಲ್ಲುವುದನ್ನು ನಾವು ಕಂಡಿದ್ದೇವೆ. ಆ ಸೋಲು ಭಾಷೆಯ ವಿಷಯದಲ್ಲಿ ಆದುದಲ್ಲ. ಭಾಷೆಯನ್ನು ತಮ್ಮ ಯಂತ್ರದಲ್ಲಿ ತಂದು ನೆಲೆಗೊಳಿಸುವ ಕೆಲಸವೊಂದಿದೆ; ಅದನ್ನು ಇನ್‌ಸ್ಟಾಲ್ ಮಾಡುವುದು ಎನ್ನುತ್ತಾರೆ. ಅಲ್ಲಿಯೇ ಗಾಡಿಯ ಗಾಲಿ ಹೂತುಕೊಳ್ಳುತ್ತದೆ. ಹುಡುಗನು ಪುಸ್ತಕದಲ್ಲಿ ಅಥವಾ ಅಂತರ್ಜಾಲದಲ್ಲಿ ಓದಿದ ಉಪದೇಶವನ್ನು ಅಕ್ಷರಶಃ ಪಾಲಿಸುತ್ತಾನೆ; ಯಂತ್ರವು ಕೆಂಪಕ್ಷರದಲ್ಲಿ ಗದರಿಸುತ್ತದೆ; ಹುಡುಗನು ತನ್ನ ಬುದ್ಧಿಯೇ ಮಂದವೆಂದು ತೀರ್ಮಾನಿಸುತ್ತಾನೆ. ಮಂದವಾದುದು ಬುದ್ಧಿಯಲ್ಲ, ಹಳತಾದುದು ಉಪದೇಶ ಎಂಬುದನ್ನು ಅವನಿಗೆ ಹೇಳುವವರು ಮನೆಯಲ್ಲಿ ಯಾರೂ ಇರುವುದಿಲ್ಲ. ಈ ಲೇಖನವನ್ನು ಬರೆಯುತ್ತಿರುವುದು ಮುಖ್ಯವಾಗಿ ಅಂಥ ಮಕ್ಕಳ ತಂದೆತಾಯಂದಿರಿಗಾಗಿ.

ಮೊದಲು ಈ ಭಾಷೆಯ ಜನ್ಮವೃತ್ತಾಂತವನ್ನು ಸ್ವಲ್ಪ ತಿಳಿಯಬೇಕು. 1989ರ ಕ್ರಿಸ್ಮಸ್ ರಜೆಯಲ್ಲಿ, ಹಾಲೆಂಡಿನ ಆಂಸ್ಟರ್‌ಡ್ಯಾಮ್ ನಗರದ ಗಣಿತ ಸಂಶೋಧನಾಲಯವೊಂದರಲ್ಲಿ ಕೆಲಸಮಾಡುತ್ತಿದ್ದ ಗಿಡೋ ವಾನ್ ರಾಸಮ್ ಎಂಬವರು ಇದನ್ನು ಆರಂಭಿಸಿ, 1991ರ ಫೆಬ್ರವರಿಯಲ್ಲಿ ಲೋಕದ ಮುಂದಿಟ್ಟರು. ಪೈಥಾನ್ ಎಂದರೆ ಹೆಬ್ಬಾವು ಎಂಬುದು ನಿಜ. ಆದರೆ ಅವರು ಹೆಸರನ್ನು ತೆಗೆದುಕೊಂಡದ್ದು ಮಾಂಟಿ ಪೈಥಾನ್ ಎಂಬ ಇಂಗ್ಲಿಷ್ ಹಾಸ್ಯನಾಟಕ ಮಂಡಲಿಯಿಂದ. ಭಾಷೆಗೆ ಬೆಲೆಯಿಲ್ಲ. ಯಾರು ಬೇಕಾದರೂ ಕಾಸು ಕೊಡದೆ ಪಡೆಯಬಹುದು, ಅದರ ಒಳಗನ್ನು ಬಿಚ್ಚಿ ನೋಡಬಹುದು, ತಿದ್ದುಪಡಿಗಳನ್ನು ಸೂಚಿಸಬಹುದು. 2001ರಲ್ಲಿ ಇದರ ಪೋಷಣೆಗಾಗಿ ಪೈಥಾನ್ ಸಾಫ್ಟ್‌ವೇರ್ ಫೌಂಡೇಷನ್ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆ ಹುಟ್ಟಿತು. 2018ರಲ್ಲಿ ಗಿಡೋ ಅವರು ಯಜಮಾನಿಕೆಯಿಂದ ನಿವೃತ್ತರಾದ ಮೇಲೆ, 2019ರಿಂದ 5 ಮಂದಿಯ ಚುನಾಯಿತ ಸಮಿತಿಯೊಂದು ಮೇಲ್ವಿಚಾರಣೆ ನಡೆಸುತ್ತಿದೆ. ಕೆಲವರಿಗೆ ಸಂಸ್ಥೆಯಿಂದಲೋ ತಮ್ಮ ಕಂಪೆನಿಗಳಿಂದಲೋ ಸಂಬಳ ಸಿಗುವುದುಂಟಾದರೂ, ಹೆಚ್ಚು ಪಾಲು ಕೆಲಸವನ್ನು ದೇಶದೇಶಗಳಲ್ಲಿರುವ ಸ್ವಯಂಸೇವಕರು ತಮ್ಮ ಹೊಟ್ಟೆಪಾಡಿನ ಉದ್ಯೋಗ ಮುಗಿಸಿ, ಉಳಿದ ವೇಳೆಯಲ್ಲಿ ಮಾಡುತ್ತಾರೆ. ಊರಿನ ರಾಮೋತ್ಸವದ ಚಪ್ಪರವನ್ನು ಹತ್ತು ಮಂದಿ ಸೇರಿ ಹಾಕುವ ಹಾಗೆ, ಇದೂ ಹತ್ತು ಮಂದಿಯ ಕೈಯ ಕೆಲಸ. ಚಪ್ಪರ ಹಾಕುವುದಕ್ಕೆ ಬರುವಷ್ಟು ಜನ ಅದನ್ನು ಬಿಚ್ಚುವುದಕ್ಕೆ ಬರುವುದಿಲ್ಲವೆಂಬುದು ವಾಚಕರಿಗೆ ಗೊತ್ತಿರುವ ವಿಷಯವೇ.

ಇನ್ನು ಇನ್‌ಸ್ಟಾಲ್ ಮಾಡುವ ಮಾತು. ಭಾಷೆಯೊಂದನ್ನು ಮಾತ್ರ ತಂದಿಟ್ಟುಕೊಂಡರೆ ಸಾಲದು. ಲೆಕ್ಕಪತ್ರ, ಚಿತ್ರಲೇಖನ, ಅಂಕಿಅಂಶ ಮೊದಲಾದ ಒಂದೊಂದು ಕೆಲಸಕ್ಕೂ ಬೇರೆಯವರು ಬರೆದಿಟ್ಟ ಸಾಮಗ್ರಿಗಳು ಬೇಕಾಗುತ್ತವೆ. ಇವನ್ನು ಪ್ಯಾಕೇಜು ಎನ್ನುತ್ತಾರೆ. ಇವೆಲ್ಲವನ್ನೂ ಒಂದೆಡೆ ಶೇಖರಿಸಿಟ್ಟ ಉಗ್ರಾಣವೊಂದು 2003ರಲ್ಲಿ ಏರ್ಪಟ್ಟಿತು. ಅದರ ಹೆಸರು ಪೈಪಿಐ. ಇಂದು ಅಲ್ಲಿ 6 ಲಕ್ಷಕ್ಕೂ ಮಿಕ್ಕ ಪ್ಯಾಕೇಜುಗಳಿವೆ. ಉಗ್ರಾಣದಿಂದ ಬೇಕಾದುದನ್ನು ತಂದು ಮನೆಯ ಕಪಾಟಿನಲ್ಲಿ ಸರಿಯಾದ ಸ್ಥಳದಲ್ಲಿ ಇಡುವ ಆಳು ಯಾರು ಎಂಬುದೇ ನಮ್ಮ ಕಥೆಯ ಮುಖ್ಯ ಪ್ರಶ್ನೆ. ಏಕೆಂದರೆ ಆ ಆಳು ಬದಲಾಗುತ್ತಲೇ ಬಂದಿದ್ದಾನೆ.

2000ದಲ್ಲಿ ಡಿಸ್ಟ್‌ಯುಟಿಲ್ಸ್ ಎಂಬ ಸಾಧನವನ್ನು ಭಾಷೆಯ ಜೊತೆಯಲ್ಲಿಯೇ ಕೊಡಲಾರಂಭಿಸಿದರು. 2004ರಲ್ಲಿ ಅದರ ಮೇಲೆ ಸೆಟಪ್‌ಟೂಲ್ಸ್ ಎಂಬುದೂ, ಅದರೊಳಗೆ ಈಸಿ-ಇನ್‌ಸ್ಟಾಲ್ ಎಂಬ ಆಜ್ಞೆಯೂ ಬಂದುವು. ಆಗ ಪ್ಯಾಕೇಜುಗಳ ಮೂಟೆಗೆ ‘ಎಗ್’ ಎಂದು ಹೆಸರು. ಹೆಬ್ಬಾವು ಮೊಟ್ಟೆಯಿಡುವ ಪ್ರಾಣಿಯಾದುದರಿಂದ. 2008ರಲ್ಲಿ ಪಿಪ್ ಎಂಬ ಹೊಸ ಆಳು ಬಂದು ಈಸಿ-ಇನ್‌ಸ್ಟಾಲನ್ನು ಮೂಲೆಗೆ ತಳ್ಳಿದನು. 2013ರ ಹೊತ್ತಿಗೆ ಮೊಟ್ಟೆ ಹೋಗಿ ‘ವೀಲ್’ ಬಂದಿತು. ಇದು ಬಂಡಿಯ ಗಾಲಿಯಲ್ಲ, ಗಾಲಿಯಾಕಾರದ ಚೀಸಿನ ಅಚ್ಚು. ಮೇಲೆ ಹೇಳಿದ ನಾಟಕ ಮಂಡಲಿಯ ಒಂದು ಪ್ರಹಸನದಲ್ಲಿ ಚೀಸಿನ ಅಂಗಡಿಯೊಂದು ಬರುತ್ತದೆಯಂತೆ. ಪೈಪಿಐ ಉಗ್ರಾಣಕ್ಕೂ ಒಂದು ಕಾಲದಲ್ಲಿ ಆ ಅಂಗಡಿಯ ಹೆಸರೇ ಇದ್ದಿತು. ವಿದ್ವಾಂಸರ ವಿನೋದಕ್ಕೆ ನಮ್ಮ ಆಕ್ಷೇಪವೇನೂ ಇಲ್ಲ. ಆದರೆ ಹೊಸದಾಗಿ ಬಂದವನಿಗೆ ಮೊಟ್ಟೆ, ಗಾಲಿ, ಚೀಸು ಇವುಗಳಲ್ಲಿ ಯಾವುದು ಇಂದಿನದು, ಯಾವುದು ನಿನ್ನೆಯದು ಎಂದು ಹೆಸರಿನಿಂದ ತಿಳಿಯುವ ಉಪಾಯವಿಲ್ಲ. 2014ರಲ್ಲಿ ಬಂದ 3.4ನೆಯ ಆವೃತ್ತಿಯಿಂದ ಪಿಪ್ ಭಾಷೆಯ ಜೊತೆಯಲ್ಲಿಯೇ ದೊರೆಯುತ್ತದೆ. ಆದಕಾರಣ ‘ಮೊದಲು ಪಿಪ್ಪನ್ನು ಬೇರೆಯಾಗಿ ತಂದು ಹಾಕಿಕೊಳ್ಳಿ’ ಎಂದು ಆರಂಭವಾಗುವ ಪಾಠವನ್ನು ಕಂಡರೆ, ಅದು ಬಹುಮಟ್ಟಿಗೆ 2014ಕ್ಕೆ ಹಿಂದಿನದೆಂದೋ ಅದನ್ನು ನೋಡಿ ಬರೆದದ್ದೆಂದೋ ಊಹಿಸಬಹುದು.

ಇಲ್ಲಿ ವಾಚಕರು ಗಮನಿಸಬೇಕಾದುದೇನೆಂದರೆ, ಮೇಲೆ ಹೇಳಿದ ಪ್ರತಿಯೊಂದು ಸಾಧನವೂ ತನ್ನ ಕಾಲದಲ್ಲಿ ಒಳ್ಳೆಯದೇ ಆಗಿದ್ದಿತು. 2006ರಲ್ಲಿ ಈಸಿ-ಇನ್‌ಸ್ಟಾಲನ್ನು ಉಪದೇಶಿಸಿದವನು ಸತ್ಯವನ್ನೇ ಹೇಳಿದನು. ಕಳೆದ ವರ್ಷದ ಪಂಚಾಂಗವು ಸುಳ್ಳು ಗ್ರಂಥವಲ್ಲ. ಅದರಲ್ಲಿರುವ ತಿಥಿವಾರ ನಕ್ಷತ್ರಗಳೆಲ್ಲವೂ ಆ ವರ್ಷಕ್ಕೆ ಸರಿಯಾದುವೇ. ಆದರೂ ಅದನ್ನು ನೋಡಿ ಈ ವರ್ಷ ಯಾರೂ ಮುಹೂರ್ತ ಇಡುವುದಿಲ್ಲ. ಏಕೆಂದರೆ ಹೊದಿಕೆಯ ಮೇಲೆಯೇ ಸಂವತ್ಸರದ ಹೆಸರನ್ನು ದಪ್ಪ ಅಕ್ಷರದಲ್ಲಿ ಅಚ್ಚುಹಾಕಿರುತ್ತಾರೆ. ಯುಗಾದಿಯ ದಿನ ಹೊಸದನ್ನು ತಂದು ಹಳೆಯದನ್ನು ಮೊಳೆಯಿಂದ ತೆಗೆಯುವ ಪದ್ಧತಿಯೂ ಮನೆಮನೆಯಲ್ಲಿದೆ. ಅಂತರ್ಜಾಲದ ಉಪದೇಶಗಳಿಗೆ ಅನೇಕ ವೇಳೆ ಸಂವತ್ಸರದ ಹೆಸರಿಲ್ಲ, ಹಳೆಯದನ್ನು ಮೊಳೆಯಿಂದ ತೆಗೆಯುವವರೂ ಇಲ್ಲ. ಅದು ಸಾಲದೆಂಬಂತೆ, ಬಹು ಜನ ಓದಿದ ಪುಟವನ್ನೇ ಹುಡುಕುವ ಯಂತ್ರವು ಮೊದಲು ತೋರಿಸುವ ಸಂಭವ ಹೆಚ್ಚು. ಬಹು ಕಾಲದಿಂದ ಇರುವ ಪುಟವನ್ನೇ ಬಹು ಜನ ಓದಿರುತ್ತಾರೆ. ಹೀಗೆ ವಯಸ್ಸಾದಷ್ಟೂ ಅಧಿಕಾರ ಬೆಳೆಯುತ್ತದೆ.

ನಮ್ಮ ವ್ಯಾಕರಣ ಶಾಸ್ತ್ರದಲ್ಲಿ ಇದಕ್ಕೆ ನೇರ ವಿರುದ್ಧವಾದ ವ್ಯವಸ್ಥೆಯಿದೆ. ಪಾಣಿನಿಯ ಸುಮಾರು 4000 ಸೂತ್ರಗಳನ್ನು ಯಾರೂ ಅಳಿಸಲಿಲ್ಲ. ಆದರೆ ಕಾತ್ಯಾಯನನು ಅವುಗಳಲ್ಲಿ ಬೇಕಾದುವಕ್ಕೆ ವಾರ್ತಿಕಗಳನ್ನು ಬರೆದನು. ಹೇಳಿದ್ದು, ಹೇಳದೆ ಬಿಟ್ಟದ್ದು, ಸರಿಯಾಗಿ ಹೇಳದೆ ಇದ್ದದ್ದು ಈ ಮೂರನ್ನೂ ವಿಚಾರಮಾಡುವುದು ವಾರ್ತಿಕದ ಕೆಲಸ. ಅನಂತರ ಪತಂಜಲಿಯು ಇಬ್ಬರನ್ನೂ ತೂಗಿ ನೋಡಿದನು. ಮೂವರಲ್ಲಿ ಮತಭೇದ ಬಂದಾಗ ಹಿಂದಿನವನಿಗಿಂತ ಮುಂದಿನವನ ಮಾತೇ ಪ್ರಮಾಣವೆಂಬುದು ವೈಯಾಕರಣರ ಸಂಪ್ರದಾಯ. ಪೈಥಾನ್ ಭಾಷೆಯನ್ನು ನಡೆಸುವವರ ಒಳಮನೆಯಲ್ಲಿ ಇಂಥ ಏರ್ಪಾಡು ಇಲ್ಲವೆಂದು ವಾಚಕರು ತಿಳಿಯಬಾರದು. ಭಾಷೆಯಲ್ಲಿ ಆಗಬೇಕಾದ ಮುಖ್ಯ ಬದಲಾವಣೆಗಳನ್ನು ಪೆಪ್ ಎಂಬ ಹೆಸರಿನ, ಕ್ರಮಸಂಖ್ಯೆಯುಳ್ಳ ನಿವೇದನೆಗಳಾಗಿ ಬರೆಯುತ್ತಾರೆ. ಪ್ರತಿಯೊಂದರ ತಲೆಯ ಮೇಲೆಯೂ ಅದು ಅಂಗೀಕೃತವೋ, ತ್ಯಕ್ತವೋ, ಬೇರೊಂದು ಅದರ ಸ್ಥಾನಕ್ಕೆ ಬಂದಿದೆಯೋ ಎಂಬುದನ್ನು ದಿನಾಂಕದೊಡನೆ ನಮೂದಿಸಿರುತ್ತಾರೆ. ಅದು ಓದುವುದಕ್ಕೆ ಯೋಗ್ಯವಾದ ಶಿಸ್ತು. ಕೊರತೆಯಿರುವುದು ಬೀದಿಯಲ್ಲಿ. ಒಳಮನೆಯ ತೀರ್ಮಾನ ಬೀದಿಯ ಉಪದೇಶಕನಿಗೆ ತಲಪುವುದರೊಳಗೆ ಹತ್ತು ವರ್ಷ ಕಳೆದುಹೋಗುತ್ತದೆ.

ಎರಡನೆಯ ಪೈಥಾನಿನಿಂದ ಮೂರನೆಯದಕ್ಕೆ ದಾಟಿದ ಕಥೆ ಇದಕ್ಕೆಲ್ಲ ದೊಡ್ಡ ನಿದರ್ಶನ. 2008ರ ಡಿಸೆಂಬರ್ 3ರಂದು ಪೈಥಾನ್ 3.0 ಹೊರಬಿತ್ತು. ಹಿಂದಿನದರಲ್ಲಿ ಬರೆದ ಲೇಖನಗಳು ಹೊಸದರಲ್ಲಿ ಹಾಗೆಯೇ ನಡೆಯಲಾರವೆಂದು ಬುದ್ಧಿಪೂರ್ವಕವಾಗಿಯೇ ನಿಶ್ಚಯಿಸಿದ್ದರು. ಹಳೆಯದನ್ನು 2015ರಲ್ಲಿ ಕೈಬಿಡುವುದೆಂದು ಗೊತ್ತುಮಾಡಿದ್ದು, ಜನ ಸಿದ್ಧರಾಗದಿದ್ದುದರಿಂದ 2014ರಲ್ಲಿ ಅವಧಿಯನ್ನು 2020ಕ್ಕೆ ಮುಂದೂಡಿದರು. 2020ರ ಜನವರಿ 1ಕ್ಕೆ ಅದರ ಪೋಷಣೆ ನಿಂತಿತು, ಕೊನೆಯದಾದ 2.7.18 ಎಂಬುದು ಆ ವರ್ಷದ ಏಪ್ರಿಲಿನಲ್ಲಿ ಬಂದಿತು. ಅಂದರೆ ಹನ್ನೊಂದು ವರ್ಷಗಳಿಗೂ ಮಿಕ್ಕಿ ಎರಡು ಪೈಥಾನುಗಳು ಅಕ್ಕಪಕ್ಕದಲ್ಲಿ ಬಾಳಿದುವು, ಎರಡಕ್ಕೂ ಪುಸ್ತಕಗಳು ಅಚ್ಚಾದುವು. ಅವು ಇಂದಿಗೂ ಪುಸ್ತಕಾಲಯಗಳ ಕಪಾಟಿನಲ್ಲಿ ಪಕ್ಕಪಕ್ಕದಲ್ಲಿಯೇ ಇವೆ.

ನಮ್ಮ ನೆರೆಮನೆಯ ಹುಡುಗನೊಬ್ಬನು ಇಂಥ ಪುಸ್ತಕವೊಂದನ್ನು ಹಿಡಿದುಕೊಂಡು ಬಂದಿದ್ದನು. “ಮೇಷ್ಟ್ರೇ, ಇದರಲ್ಲಿರೋ ಹಾಗೇ ಬರೆದಿದೀನಿ, ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲ. ಆದರೂ ತಪ್ಪು ಅನ್ನುತ್ತೆ. ನನಗೆ ಇದು ಹತ್ತೋದಿಲ್ಲ, ಬಿಡಿ” ಎಂದನು. ಅವನು ಬರೆದಿದ್ದುದು ಒಂದೇ ಸಾಲು. ‘ಪ್ರಿಂಟ್’ ಎಂಬ ಆಜ್ಞೆಯ ಮುಂದೆ ಮುದ್ರಿಸಬೇಕಾದ ಮಾತನ್ನು ಎರಡನೆಯ ಪೈಥಾನಿನಲ್ಲಿ ಬರಿದಾಗಿ ಬರೆಯಬಹುದಾಗಿದ್ದಿತು. ಮೂರನೆಯದರಲ್ಲಿ ಅದನ್ನು ಆವರಣ ಚಿಹ್ನೆಯೊಳಗೆ ಇಡಬೇಕು. ವ್ಯತ್ಯಾಸ ಇಷ್ಟೇ. ಪುಸ್ತಕದ ಮೊದಲ ಹಾಳೆಯಲ್ಲಿ 2009 ಎಂದು ಇದ್ದಿತು. ಅದನ್ನು ತೋರಿಸಿದ ಮೇಲೆ ಹುಡುಗನ ಮುಖ ಅರಳಿದುದನ್ನು ಕಂಡು ನಮಗೂ ಸಂತೋಷವಾಯಿತು. ಈಚಿನ ಪೈಥಾನ್ ಈ ತಪ್ಪನ್ನು ಕಂಡಾಗ ಸುಮ್ಮನೆ ಗದರದೆ, ‘ಆವರಣ ಚಿಹ್ನೆ ಬಿಟ್ಟುಹೋಗಿದೆ, ಹೀಗೆ ಬರೆಯಬೇಕೆಂದಿದ್ದಿರಾ?’ ಎಂಬ ಅರ್ಥದ ಮಾತನ್ನೂ ಸೇರಿಸುತ್ತದೆ. ಹಳೆಯ ಪುಸ್ತಕಗಳನ್ನು ಹಿಂತೆಗೆಯಲಾರದ ಸ್ವಯಂಸೇವಕರು, ಹಳೆಯ ಪುಸ್ತಕ ಓದಿ ಬಂದವನಿಗೆ ಯಂತ್ರದ ಬಾಯಿಂದಲೇ ಸಮಾಧಾನ ಹೇಳಿಸಿದ್ದಾರೆ. ಹುಡುಗನು ಆ ಸಾಲನ್ನು ಓದಿರಲಿಲ್ಲ. ಗದರಿಕೆಯನ್ನು ಕಂಡ ಮಕ್ಕಳು ಸಾಮಾನ್ಯವಾಗಿ ಪೂರ್ತಿ ಓದುವುದಿಲ್ಲ.

ಇಷ್ಟು ತೊಂದರೆ ಕೊಟ್ಟು ಬದಲಾಯಿಸಬೇಕಾದ ಅಗತ್ಯವಾದರೂ ಏನಿದ್ದಿತು ಎಂದು ಕೇಳಬಹುದು. ಕನ್ನಡಿಗರು ಮಾತ್ರ ಹಾಗೆ ಕೇಳಬಾರದು. ಎರಡನೆಯ ಪೈಥಾನ್ ಮೂಲತಃ ಇಂಗ್ಲಿಷ್ ಅಕ್ಷರಗಳನ್ನೇ ಅಕ್ಷರಗಳೆಂದು ಎಣಿಸಿದ್ದಿತು. ಅದರಲ್ಲಿ ಕನ್ನಡದ ಒಂದು ಪದವನ್ನು ಬರೆದು, ಕಡತದ ತಲೆಯ ಮೇಲೆ ಲಿಪಿಸಂಕೇತದ ವಿಶೇಷ ಘೋಷಣೆಯನ್ನು ಹಾಕದೆ ಹೋದರೆ, ಅಪರಿಚಿತ ಅಕ್ಷರ ಬಂದಿತೆಂದು ಮೊದಲ ಹೆಜ್ಜೆಯಲ್ಲಿಯೇ ನಿಂತುಬಿಡುತ್ತಿದ್ದಿತು. ಘೋಷಣೆ ಹಾಕಿ ‘ಕನ್ನಡ’ ಎಂಬ ಪದದ ಉದ್ದವೆಷ್ಟೆಂದು ಸಾಮಾನ್ಯ ರೀತಿಯಲ್ಲಿ ಕೇಳಿದರೆ 15 ಎಂದು ಉತ್ತರ. ಅದು ಎಣಿಸುತ್ತಿದ್ದುದು ಅಕ್ಷರಗಳನ್ನಲ್ಲ, ಯಂತ್ರದೊಳಗಿನ ಬೈಟುಗಳನ್ನು. ಮೂರನೆಯ ಪೈಥಾನ್ 5 ಎನ್ನುತ್ತದೆ: ಕ, ನ, ಹಲಂತ ಚಿಹ್ನೆ, ನ, ಡ. ನಮ್ಮ ಎಣಿಕೆಯಂತೆ ಅಕ್ಷರಗಳು ಮೂರೇ. ಒತ್ತಕ್ಷರವನ್ನು ಒಂದೆಂದು ಎಣಿಸುವಷ್ಟು ವ್ಯಾಕರಣ ಅದಕ್ಕೆ ಇನ್ನೂ ಬಂದಿಲ್ಲ. ಆದರೂ 15ಕ್ಕಿಂತ 5 ಮೇಲು. ಹೊಸದರಲ್ಲಿ ಯಾವ ಘೋಷಣೆಯೂ ಇಲ್ಲದೆ ಕನ್ನಡವನ್ನು ಬರೆಯಬಹುದು. ಅಷ್ಟೇ ಅಲ್ಲ, ಲೆಕ್ಕದಲ್ಲಿ ಬರುವ ರಾಶಿಗಳಿಗೆ ‘ಬಡ್ಡಿ’, ‘ಅಸಲು’ ಎಂದು ಕನ್ನಡದಲ್ಲಿಯೇ ಹೆಸರಿಡಬಹುದು. ಜಗತ್ತಿನ ಲಿಪಿಗಳೆಲ್ಲವನ್ನೂ ಸಮವಾಗಿ ಕಾಣಬೇಕೆಂಬುದು ಆ ಬದಲಾವಣೆಯ ಮುಖ್ಯ ಕಾರಣಗಳಲ್ಲಿ ಒಂದು. ಹಳೆಯ ಉಪದೇಶಕ್ಕೆ ಅಂಟಿಕೊಂಡವನು ಕಳೆದುಕೊಳ್ಳುವುದು ಕೇವಲ ಹೊಸತನವನ್ನಲ್ಲ.

ವಿಂಡೋಸ್ ಯಂತ್ರಗಳ ಮಾತು ಬೇಗ ಮುಗಿಯುವುದು. ಹಳೆಯ ಪುಸ್ತಕಗಳು ಭಾಷೆಯು ಸಿ ಎಂಬ ಭಾಗದಲ್ಲಿ ‘ಪೈಥಾನ್27’ ಎಂಬ ಕೋಣೆಯಲ್ಲಿದೆ ಎನ್ನುತ್ತವೆ. 3.5ರಿಂದೀಚೆಗೆ ಅದು ಬೇರೆಡೆಗೆ, ಬಳಸುವವನ ಸ್ವಂತ ಕೋಣೆಗೆ, ಹೋಗಿದೆ. ಅನುಸ್ಥಾಪನೆಯ ಮೊದಲ ಪರದೆಯ ಕೆಳಗಡೆ ‘ಪಾತ್’ಗೆ ಸೇರಿಸಬೇಕೆ ಎಂಬ ಸಣ್ಣ ಚೌಕವೊಂದಿರುತ್ತದೆ, ಅದಕ್ಕೆ ತಾನಾಗಿ ಗುರುತು ಬಿದ್ದಿರುವುದಿಲ್ಲ. ಗುರುತು ಹಾಕದೆ ಮುಂದುವರಿದವನು ಅನಂತರ ಪೈಥಾನನ್ನು ಹೆಸರಿಡಿದು ಕರೆದರೆ, ಎದುರಿಗೆ ಮೈಕ್ರೋಸಾಫ್ಟಿನ ಅಂಗಡಿಯ ಬಾಗಿಲು ತೆರೆದುಕೊಳ್ಳುವುದುಂಟು. ಇದರ ಆಶ್ಚರ್ಯವನ್ನು ಅನುಭವಿಸಿದವರು ಬಹಳ.

ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಆಗುವ ಕಷ್ಟವು ಹೆಚ್ಚು ವಿಚಾರಾರ್ಹ. ಅಲ್ಲಿ ಪೈಥಾನ್ ಮೊದಲೇ ಮನೆಯಲ್ಲಿರುತ್ತದೆ. ಏಕೆಂದರೆ ಯಂತ್ರದ ಸ್ವಂತ ಕೆಲಸಗಳಲ್ಲಿ ಹಲವನ್ನು ಅದೇ ಭಾಷೆಯಲ್ಲಿ ಬರೆದಿರುತ್ತಾರೆ. ಹಳೆಯ ಉಪದೇಶವೆಂದರೆ, ‘ಸುಡೋ’ ಎಂಬ ಪದವನ್ನು ಮುಂದೆ ಹಾಕಿ, ಅಂದರೆ ಮನೆಯ ಯಜಮಾನನ ಅಧಿಕಾರವನ್ನು ತೆಗೆದುಕೊಂಡು, ಪಿಪ್ಪಿನಿಂದ ಬೇಕಾದುದನ್ನು ತರಿಸಿರಿ ಎಂಬುದು. ಪಿಪ್ ತಂದ ಹೊಸ ಸಾಮಗ್ರಿಯು ಯಂತ್ರವು ತನಗಾಗಿ ಇಟ್ಟುಕೊಂಡ ಹಳೆಯದಕ್ಕೆ ಅಡ್ಡವಾಗುತ್ತಿದ್ದಿತು. ಅತಿಥಿಗಾಗಿ ತಂದ ಹಿಟ್ಟನ್ನು ಅಡಿಗೆಯವನ ಡಬ್ಬಿಗೇ ಸುರಿದಂತೆ. ಆ ದಿನ ಏನೂ ಕಾಣುವುದಿಲ್ಲ. ಕೆಲವು ದಿನಗಳ ಮೇಲೆ ಯಂತ್ರದ ಬೇರೆ ಯಾವುದೋ ಭಾಗ ಕೆಟ್ಟು ಕುಳಿತಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ. ಈ ಉಪದೇಶವನ್ನು ಕೊಟ್ಟವರು ದುಷ್ಟರಲ್ಲ. ಅವರ ಯಂತ್ರದಲ್ಲಿ ಅದು ನಡೆದಿತ್ತು, ಅವರು ಬರೆದರು.

ಇದಕ್ಕೆ ಪರಿಹಾರವಾಗಿ 668ನೆಯ ಪೆಪ್ಪನ್ನು 2021ರಲ್ಲಿ ಬರೆದು 2022ರಲ್ಲಿ ಅಂಗೀಕರಿಸಿದರು. ಅದರ ಪ್ರಕಾರ ಯಂತ್ರವು ತನ್ನ ಪೈಥಾನಿನ ಬಾಗಿಲಿಗೆ ‘ಇದು ಬೇರೊಬ್ಬರ ಆಡಳಿತದಲ್ಲಿದೆ’ ಎಂಬ ಫಲಕವನ್ನು ತೂಗುಹಾಕಬಹುದು. ಫಲಕವನ್ನು ಕಂಡ ಪಿಪ್ ಒಳಗೆ ಕೈಹಾಕದೆ ಹಿಂದಿರುಗಬೇಕು. 2023ರ ಏಪ್ರಿಲಿನಲ್ಲಿ ಬಂದ ಉಬುಂಟು 23.04, ಅದೇ ಜೂನಿನಲ್ಲಿ ಬಂದ ಡೆಬಿಯನ್ 12 ಇವುಗಳಲ್ಲಿ ಈ ಫಲಕವಿದೆ. ಅಂದಿನಿಂದ ಸಾವಿರಾರು ಹಳೆಯ ಪಾಠಗಳ ಮೊದಲನೆಯ ಆಜ್ಞೆಯೇ ಅಲ್ಲಿ ನಡೆಯದೆ ಹೋಯಿತು. ಆದರೆ ಈ ಬಾರಿ ನಿರಾಕರಣೆಯ ಜೊತೆಯಲ್ಲಿ ಮಾಡಬೇಕಾದುದನ್ನೂ ಹೇಳಿದರು: ಪ್ರತಿಯೊಂದು ಕೆಲಸಕ್ಕೂ ‘ವೆನ್ವ್’ ಎಂಬ ಪ್ರತ್ಯೇಕ ಕೋಣೆಯನ್ನು ಮಾಡಿಕೊಂಡು, ಬೇಕಾದ ಸಾಮಾನನ್ನು ಅಲ್ಲಿಯೇ ಇಟ್ಟುಕೊಳ್ಳಿರಿ ಎಂದು. ವೆನ್ವ್ 2012ರಿಂದಲೂ ಭಾಷೆಯ ಜೊತೆಯಲ್ಲಿಯೇ ಬರುತ್ತಿರುವ ಸಾಧನ.

ಅದೇ ಸಂದೇಶದ ಕೊನೆಯಲ್ಲಿ, ಎಲ್ಲವನ್ನೂ ಬಲ್ಲವರಿಗಾಗಿ, ಫಲಕವನ್ನು ಲೆಕ್ಕಿಸದೆ ಒಳನುಗ್ಗುವ ಒಂದು ಮಾರ್ಗವನ್ನೂ ಇಟ್ಟರು. ಅದನ್ನು ಬಳಸುವವನಿಗೆ ತಾನೇನು ಮಾಡುತ್ತಿದ್ದೇನೆಂದು ತಿಳಿಯಲೆಂದು ಅದಕ್ಕೆ ‘ವ್ಯವಸ್ಥೆಯ ಸಾಮಗ್ರಿಯನ್ನು ಮುರಿ’ ಎಂಬ ಅರ್ಥ ಬರುವ ಹೆಸರನ್ನೇ ಕೊಟ್ಟರು. ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಮತ್ತೊಂದಿರಲಾರದು. ಆದರೂ ಏನಾಯಿತು? ಕೆಲವು ತಿಂಗಳಲ್ಲಿಯೇ ಅಂತರ್ಜಾಲದ ಉಪದೇಶಕರು ‘ತಪ್ಪು ಬಂದರೆ ಆಜ್ಞೆಯ ಕೊನೆಗೆ ಇದನ್ನು ಸೇರಿಸಿರಿ, ಸರಿಹೋಗುತ್ತದೆ’ ಎಂದು ಬರೆಯಲಾರಂಭಿಸಿದರು. ಔಷಧದ ಸೀಸೆಯ ಮೇಲೆ ವಿಷವೆಂದು ಬರೆದಿದ್ದರೂ ಕುಡಿದರೆ ಕೆಮ್ಮು ನಿಲ್ಲುತ್ತದೆಂದು ಹೇಳುವವರಿಗೆ ಏನು ಹೇಳೋಣ? ಇಂದು ಬಿತ್ತಿದ ಈ ಬೀಜ ಮುಂದಿನ ಹತ್ತು ವರ್ಷ ಹುಡುಗರ ಯಂತ್ರಗಳಲ್ಲಿ ಫಲಕೊಡುತ್ತದೆ. ಹಳೆಯ ಉಪದೇಶವೆಲ್ಲವೂ ಹಿಂದೆ ಒಳ್ಳೆಯದಾಗಿದ್ದಿತೆಂದು ಮೇಲೆ ಹೇಳಿದೆವಷ್ಟೆ. ಇದು ಅದಕ್ಕೆ ಅಪವಾದ. ಇದು ಹುಟ್ಟಿದಂದೇ ಕೆಟ್ಟದ್ದು.

ಹಾಗಾದರೆ ಈ ಸ್ವಯಂಸೇವಕರು ಹಳೆಯ ಸಾಧನಗಳನ್ನು ಒಮ್ಮೆಗೇ ಕಿತ್ತೊಗೆಯಬಾರದೇಕೆ? ಅದರಲ್ಲಿಯೂ ಕಷ್ಟವಿದೆ. ಡಿಸ್ಟ್‌ಯುಟಿಲ್ಸ್ ಸಾಧನವನ್ನು ಕೈಬಿಡಬೇಕೆಂದು 632ನೆಯ ಪೆಪ್ಪಿನಲ್ಲಿ ಸೂಚಿಸಿ, 2021ರ 3.10ನೆಯ ಆವೃತ್ತಿಯಲ್ಲಿ ಅದು ತ್ಯಾಜ್ಯವೆಂದು ಸಾರಿ, 2023ರ ಅಕ್ಟೋಬರ್ 2ರಂದು ಬಂದ 3.12ರಲ್ಲಿ ತೆಗೆದೇಬಿಟ್ಟರು. ಮುನ್ಸೂಚನೆ ಕೊಟ್ಟು ಎರಡು ವರ್ಷ ಕಾದಿದ್ದರು. ಆದರೂ ಅದನ್ನೇ ನಂಬಿಕೊಂಡಿದ್ದ ಪ್ಯಾಕೇಜುಗಳು ಹೊಸ ಆವೃತ್ತಿಯಲ್ಲಿ ಮುರಿದುವು. ‘ಡಿಸ್ಟ್‌ಯುಟಿಲ್ಸ್ ಎಂಬುದು ಇಲ್ಲ’ ಎಂಬ ಸಂದೇಶವನ್ನು ಕಂಡು ಗಾಬರಿಗೊಂಡ ವಿದ್ಯಾರ್ಥಿಗಳು ಎಷ್ಟೋ ಮಂದಿ. ಪಿಪ್ಪಿನ ಕಥೆಯೂ ಹಾಗೆಯೇ. 2021ರ ಜನವರಿಯಲ್ಲಿ ಪಿಪ್ 21.0 ಎರಡನೆಯ ಪೈಥಾನಿಗೆ ಬೆಂಬಲವನ್ನು ನಿಲ್ಲಿಸಿತು. ಪಿಪ್ಪನ್ನು ತಂದುಕೊಡುವ ಚಿಕ್ಕ ಕಡತವೊಂದಿದೆ. ಅದನ್ನು ಹಳೆಯ ವಿಳಾಸದಿಂದಲೇ ತಂದು ಎರಡನೆಯ ಪೈಥಾನಿನಲ್ಲಿ ನಡೆಸಿದವರಿಗೆ, ಮೂರನೆಯದರ ಹೊಸ ವಾಕ್ಯರಚನೆ ಅರ್ಥವಾಗದೆ, ವ್ಯಾಕರಣ ತಪ್ಪಿದೆಯೆಂಬ ಗದರಿಕೆ ಬಂದಿತು. ಉಳಿಸಿಕೊಂಡರೆ ಹೊಸಬರಿಗೆ ತೊಂದರೆ, ತೆಗೆದರೆ ಹಳಬರಿಗೆ ತೊಂದರೆ. ಎರಡು ಕಡೆಯ ಬೈಗುಳವೂ ಸಂಬಳವಿಲ್ಲದೆ ದುಡಿಯುವವರಿಗೆ. ಹೊಸ ಸಾಧನವನ್ನು ಕಟ್ಟಿದವನಿಗೆ ಹೊಗಳಿಕೆ ಸಿಗುತ್ತದೆ. ಹಳೆಯ ಇಪ್ಪತ್ತು ಪುಟಗಳನ್ನು ಹುಡುಕಿ ‘ಇದು ಈಗ ಸಲ್ಲದು’ ಎಂದು ತಲೆಬರೆಹ ಹಾಕಿದವನ ಹೆಸರು ಯಾರಿಗೂ ತಿಳಿಯುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಎರಡನೆಯವನೇ ವಾರ್ತಿಕಕಾರನ ಸ್ಥಾನಕ್ಕೆ ಯೋಗ್ಯನು.

ಅಂಥವರು ಇಲ್ಲವೆಂದೇನೂ ಅಲ್ಲ. ಪ್ಯಾಕೇಜುಗಳ ವಿಷಯಕ್ಕೇ ಮೀಸಲಾದ ಒಂದು ಕೈಪಿಡಿಯನ್ನು ಸ್ವಯಂಸೇವಕರು ನಡೆಸುತ್ತಿದ್ದಾರೆ. ಅದರಲ್ಲಿ ‘ಸೆಟಪ್ ಎಂಬ ಹಳೆಯ ಕಡತವು ತ್ಯಾಜ್ಯವಾಯಿತೇ?’ ಎಂಬ ಪ್ರಶ್ನೆಗೇ ಒಂದು ಪುಟವನ್ನು ಕೊಟ್ಟಿದ್ದಾರೆ. ಉತ್ತರವು ಭಾಷ್ಯಕಾರರಿಗೆ ಒಪ್ಪುವಂಥದು: ವಿವರಗಳನ್ನು ಬರೆದಿಡುವ ಕಡತವಾಗಿ ಅದು ಸಾಧು, ಅದನ್ನೇ ಆಜ್ಞೆಯಾಗಿ ನಡೆಸಿ ಅನುಸ್ಥಾಪನೆ ಮಾಡುವುದು ತ್ಯಾಜ್ಯ. ಅರ್ಧ ತಿಳಿದವರು ಹುಟ್ಟಿಸುವ ಗೊಂದಲಕ್ಕೆ ಇಂಥ ಒಂದು ಪುಟ ಒಳ್ಳೆಯ ಪರಿಹಾರ. ಇಂಥ ಕೈಪಿಡಿಗಳಲ್ಲಿ ಹಳತಾದ ಸಾಲೊಂದನ್ನು ಕಂಡವನು ತಾನೇ ತಿದ್ದುಪಡಿಯನ್ನು ಬರೆದು ಕಳುಹಿಸಬಹುದು. ಪದವಿ ಪರಿಚಯಗಳನ್ನು ಯಾರೂ ಕೇಳುವುದಿಲ್ಲ. ಕಾಲೇಜಿನ ಹುಡುಗ ಹುಡುಗಿಯರು ತಮ್ಮನ್ನು ಕಾಡಿಸಿದ ಸಾಲನ್ನೇ ಹೀಗೆ ತಿದ್ದಿ ಕಳುಹಿಸಿದರೆ, ಅದು ಪರೀಕ್ಷೆಯ ಹತ್ತು ಅಂಕಗಳಿಗಿಂತ ದೊಡ್ಡ ಗಳಿಕೆಯೆಂದೇ ನಾವು ಎಣಿಸುತ್ತೇವೆ.

ಮನೆಯ ಹಿರಿಯರು ಮಾಡಬಹುದಾದುದು ಸ್ವಲ್ಪವೇ. ಅದಕ್ಕೆ ಕಂಪ್ಯೂಟರ್ ವಿದ್ಯೆ ಬೇಕಾಗಿಲ್ಲ. ಮಕ್ಕಳು ಹಿಡಿದ ಪುಸ್ತಕದ ಮುದ್ರಣವರ್ಷವನ್ನು ನೋಡಿರಿ. ಅಂತರ್ಜಾಲದ ಪುಟವಾದರೆ ಅದರಲ್ಲಿ ದಿನಾಂಕವಿದೆಯೇ ಎಂದು ಕೇಳಿರಿ. ಇಲ್ಲದಿದ್ದರೆ ಭಾಷೆಯ ಸ್ವಂತ ತಾಣವಾದ ಪೈಥಾನ್ ಡಾಟ್ ಆರ್ಗ್ ಎಂಬಲ್ಲಿಗೆ ಹೋಗಿ ಹೋಲಿಸಿ ನೋಡುವಂತೆ ಹೇಳಿರಿ. ಗದರಿಕೆಯ ಸಂದೇಶವನ್ನು ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿಸಿರಿ. ಈಸಿ-ಇನ್‌ಸ್ಟಾಲ್ ಎಂಬ ಹೆಸರಾಗಲಿ, 2.7 ಎಂಬ ಅಂಕಿಯಾಗಲಿ, ಪಿಪ್ಪಿನ ಹಿಂದೆ ಸುಡೋ ಎಂಬ ಪದವಾಗಲಿ ಕಂಡರೆ ಆ ಪಾಠವನ್ನು ಬದಿಗಿಡಿಸಿರಿ. ಉಬುಂಟು ಹಾಕಿದ ಯಂತ್ರವಾದರೆ ಆಜ್ಞೆಯ ಹೆಸರು ‘ಪೈಥಾನ್’ ಎಂದಲ್ಲ, ‘ಪೈಥಾನ್3’ ಎಂದು, 2020ರ 20.04ರಿಂದೀಚೆಗೆ ಬರಿಯ ಹೆಸರಿನ ಆಜ್ಞೆಯು ಅಲ್ಲಿ ತಾನಾಗಿ ಇರುವುದಿಲ್ಲ. ಮೇಕಿಂಟಾಷ್ ಯಂತ್ರಗಳಲ್ಲಿ ಮೊದಲಿನಿಂದ ಬರುತ್ತಿದ್ದ 2.7ನ್ನು 2022ರ ಮಾರ್ಚಿನಲ್ಲಿ ಬಂದ 12.3ನೆಯ ವ್ಯವಸ್ಥೆಯಲ್ಲಿ ತೆಗೆದುಹಾಕಿದ್ದಾರೆ. ‘ಮ್ಯಾಕಿನಲ್ಲಿ ಪೈಥಾನ್ ಇದ್ದೇ ಇರುತ್ತದೆ, ಏನೂ ಮಾಡಬೇಕಾಗಿಲ್ಲ’ ಎನ್ನುವ ಪುಟ ಅದಕ್ಕೆ ಹಿಂದಿನದು.

ಆವೃತ್ತಿಗಳ ವಿಷಯದಲ್ಲಿ ಈಗ ಒಂದು ಕ್ರಮವೇರ್ಪಟ್ಟಿರುವುದು ಸಂತೋಷದ ಸಂಗತಿ. ಪ್ರತಿವರ್ಷ ಅಕ್ಟೋಬರಿನಲ್ಲಿ ಹೊಸ ಆವೃತ್ತಿ ಬರುತ್ತದೆ. ಪ್ರತಿಯೊಂದಕ್ಕೂ ಸುಮಾರು 5 ವರ್ಷ ಆಯುಸ್ಸು, ಅದನ್ನು ಹುಟ್ಟಿದಂದೇ ಪ್ರಕಟಿಸುತ್ತಾರೆ. 2021ರಲ್ಲಿ ಬಂದ 3.10ಕ್ಕೆ 2026ರ ಅಕ್ಟೋಬರು ಕೊನೆ. 2025ರಲ್ಲಿ ಬಂದ 3.14ಕ್ಕೆ 2030ರ ಅಕ್ಟೋಬರು. ಈ 3.14ರ ಜೊತೆಯಲ್ಲಿ ವಿಂಡೋಸ್ ಯಂತ್ರಗಳಿಗಾಗಿ ಹೊಸದೊಂದು ಅನುಸ್ಥಾಪನಾ ಸಾಧನವೂ ಬಂದಿದೆ. ಮೇಲೆ ನಾವು ಹೇಳಿದ ಚಿಕ್ಕ ಚೌಕವುಳ್ಳ ಹಳೆಯ ಸಾಧನವನ್ನು 3.16ರಿಂದ ನಿಲ್ಲಿಸುವುದೆಂದು ಗೊತ್ತುಮಾಡಿದ್ದಾರೆ. ಅಂದಿನಿಂದ ಆ ಚೌಕದ ಮಾತನ್ನು ಈ ಲೇಖನದಿಂದ ಹೊಡೆದುಹಾಕಿ ಓದತಕ್ಕದ್ದು.